ಎರ್ಮಾಳಿನ ಕಡಲಿಗೆ ಕತ್ತಲು ಬೇಕು

ರಾತ್ರಿ ದೋಣಿಯಿಂದ ಗಾಳ ಎಸೆಯುವವರು ಜಾಗ ತಲುಪಿದ ಕೂಡಲೇ ಟಾರ್ಚ್ ಆರಿಸುತ್ತಾರೆ. ಇಂಜಿನ್ ಅದಕ್ಕೂ ಮೊದಲೇ ನಿಂತಿರುತ್ತದೆ. ಲಂಗರನ್ನು ದೊಪ್ಪನೆ ಎಸೆಯುವುದಿಲ್ಲ; ಹಗ್ಗ ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿಬಿಡುತ್ತಾರೆ. ಆಮೇಲೆ ಸುಮಾರು ಅರ್ಧ ಗಂಟೆ ಯಾರೂ ಏನೂ ಮಾಡುವುದಿಲ್ಲ. ಹೊಸದಾಗಿ ಜೊತೆಗೆ ಹೋದವರಿಗೆ ಇದು ದಣಿವಾರಿಸಿಕೊಳ್ಳುವ ಸಮಯ ಅನ್ನಿಸಬಹುದು. ಆದರೆ ಕಣ್ಣುಗಳು ಕತ್ತಲೆಗೆ ಹದಗೊಳ್ಳುವುದು ಆ ಹೊತ್ತಿನಲ್ಲೇ. ದೋಣಿಯಲ್ಲಿ ಕೂತವರ ಕಣ್ಣೂ ಹೌದು, ಕೆಳಗಿರುವ ಮೀನಿನ ಕಣ್ಣೂ ಹೌದು. ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿದರೆ, ನಮ್ಮ ಕರಾವಳಿಯಲ್ಲಿ ವರ್ಷಗಳಿಂದ ನಡೆಯುತ್ತಿರುವ ಬೆಳಕು ಮೀನುಗಾರಿಕೆಯ ಜಗಳ ಯಾಕೆ ಇಷ್ಟು ತೀವ್ರವಾಗಿದೆ ಎನ್ನುವುದೂ ತಿಳಿಯುತ್ತದೆ.

ಹೆದ್ದಾರಿ 66ರಲ್ಲಿ ಪಡುಬಿದ್ರಿ ದಾಟಿ ಉಚ್ಚಿಲಕ್ಕೆ ಬರುವ ಮೊದಲು ಸಿಗುವ ಊರು ಎರ್ಮಾಳ್. ಬಡಾ ಎರ್ಮಾಳ್, ತೆಂಕ ಎರ್ಮಾಳ್ ಎಂದು ಎರಡು ಭಾಗ. ತುಳುನಾಡಿನ ಜಾತ್ರೆಗಳ ಲೆಕ್ಕದಲ್ಲಿ ಈ ಊರಿಗೆ ಮೊದಲ ಸ್ಥಾನ. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎನ್ನುವುದು ಹಳಬರ ಬಾಯಲ್ಲಿ ಈಗಲೂ ಇದೆ: ಜಾತ್ರೆಗಳ ಸಾಲು ಎರ್ಮಾಳಿನ ಜನಾರ್ದನ ದೇವಸ್ಥಾನದಲ್ಲಿ ಆರಂಭವಾಗಿ, ಚೇಳೈರು ಖಂಡಿಗೆಯಲ್ಲಿ ಊರವರೆಲ್ಲ ಬಲೆ ಹಿಡಿದು ನಂದಿನಿ ಹೊಳೆಗೆ ಇಳಿಯುವ ಹೊತ್ತಿಗೆ ಮುಗಿಯುತ್ತದೆ. ಸಣ್ಣ ದೋಣಿಯಲ್ಲಿ ರಾತ್ರಿ ಕಡಲಿಗೆ ಹೋಗಬಹುದಾದ ತಿಂಗಳುಗಳೂ ಹೆಚ್ಚುಕಡಿಮೆ ಇವೇ. ಮಳೆಗಾಲದ ಅಬ್ಬರ ಇಳಿದು ನೀರು ತಿಳಿಯಾದ ಮೇಲೆ ಶುರುವಾಗುವ ಈ ಕಾಲ, ಮೇ ತಿಂಗಳಲ್ಲಿ ಕಡಲು ಮತ್ತೆ ಉಬ್ಬುವವರೆಗೆ ನಡೆಯುತ್ತದೆ.

ಎರ್ಮಾಳಿನಲ್ಲಿ ಅಳಿವೆ ಇಲ್ಲ. ಮೂಲ್ಕಿ, ಹೆಜಮಾಡಿಯವರಿಗೆ ಶಾಂಭವಿಯ ಬಾಯಿ ಇದೆ, ಮಲ್ಪೆಯಲ್ಲಿ ದೊಡ್ಡ ಬಂದರೇ ಇದೆ. ಇಲ್ಲಿ ನೇರ ಮರಳ ದಂಡೆ, ಕಡಲ್ಕೊರೆತಕ್ಕೆ ಒಡ್ಡಿದ ಕಲ್ಲಿನ ತಡೆಗೋಡೆ, ಅದರಾಚೆ ತೆರೆ. ದೋಣಿಯನ್ನು ತೆರೆಗೆ ಮುಖಮಾಡಿಯೇ ನೂಕಬೇಕು. ಹೀಗಾಗಿ ಇಲ್ಲಿನವರಿಗೆ ಗಾಳಿಯ ವೇಳಾಪಟ್ಟಿ ಬಾಯಿಪಾಠ. ಹಗಲು ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ನೀರು ಬೆಚ್ಚಗೇ ಉಳಿಯುತ್ತದೆ. ಗಾಳಿ ದಿಕ್ಕು ಬದಲಿಸಿ ಮೂಡಣದಿಂದ ಕಡಲಿನ ಕಡೆಗೆ ಬೀಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ಈ ಗಾಳಿ ಚೆನ್ನಾಗಿ ಗೊತ್ತಾಗುತ್ತದೆ. ಹಾಯಿಯ ಕಾಲದಲ್ಲಿ ಮೊಗವೀರರ ದಿನಚರಿ ನಿಂತಿದ್ದೇ ಇದರ ಮೇಲೆ. ಮೂಡುಗಾಳಿಯಲ್ಲಿ ಹೊರಗೆ, ಪಡುಗಾಳಿಯಲ್ಲಿ ಮನೆಗೆ. ಇಂಜಿನ್ ಬಂದ ಮೇಲೆ ಗಾಳಿ ಕಾಯಬೇಕಾಗಿಲ್ಲ ನಿಜ, ಆದರೆ ಆ ಗಾಳಿ ದಂಡೆಯ ಹತ್ತಿರದ ನೀರನ್ನು ಚಪ್ಪಟೆ ಮಾಡುವುದರಿಂದ ರಾತ್ರಿ ಗಾಳಕ್ಕೆ ಇಂದಿಗೂ ಅದೇ ಆಸರೆ. ಉತ್ತರಕ್ಕೆ ಕಾಪುವಿನ ದೀಪಸ್ತಂಭ ತಿರುಗುತ್ತಿರುತ್ತದೆ. 1901ರಿಂದ ಅದು ಅಲ್ಲಿ ನಿಂತಿದೆ. ಜಿಪಿಎಸ್ ಇದ್ದವರೂ ಕಣ್ಣಿನ ಮೂಲೆಯಲ್ಲಿ ಆ ಬೆಳಕನ್ನು ಇಟ್ಟುಕೊಂಡೇ ಕೂರುತ್ತಾರೆ.

ರಾತ್ರಿಯೇ ಯಾಕೆ? ಇದಕ್ಕೆ ಉತ್ತರ ಕಡಲಿನ ಊಟದ ಕ್ರಮದಲ್ಲಿದೆ. ಬರಿಗಣ್ಣಿಗೆ ಅಷ್ಟಾಗಿ ಕಾಣದ ಪ್ರಾಣಿಪ್ಲವಕಗಳು ಹಗಲು ಆಳದ ಮಬ್ಬಿನಲ್ಲಿ ಅಡಗಿದ್ದು, ಸೂರ್ಯ ಮುಳುಗಿದ ಮೇಲೆ ಮೇಲ್ಮೈಗೆ ಏರುತ್ತವೆ. ಜಗತ್ತಿನ ಎಲ್ಲ ಸಾಗರಗಳಲ್ಲೂ ಪ್ರತಿದಿನ ನಡೆಯುವ ಈ ಏರಿಳಿತ ಭೂಮಿಯ ಮೇಲಿನ ಅತಿ ದೊಡ್ಡ ಜೀವಿವಲಸೆ. ಪ್ಲವಕಗಳ ಹಿಂದೆ ಸಣ್ಣ ಮೀನು, ಸಿಗಡಿ, ಬೊಂಡಾಸ್. ಅವುಗಳ ಹಿಂದೆ ದೊಡ್ಡವು. ಹಗಲು ಕಲ್ಲುಗಳ ಸಂದಿಯಲ್ಲಿ ಮುದುಡಿ ಕೂತ ಮುರು ಮೀನು ಮುಸ್ಸಂಜೆಗೆ ಹೊರಬರುತ್ತದೆ. ಅಳಿವೆಗಳ ಬಾಯಲ್ಲಿ ಸೀಬಾಸ್ ಅಡ್ಡಾಡುತ್ತದೆ. ಇವು ಬೇಟೆಗೆ ಕತ್ತಲೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಅವುಗಳ ಕಣ್ಣಿನಲ್ಲಿದೆ.

ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಮತ್ತು ಸೂಕ್ಷ್ಮ ವಿವರ ಕಾಣಿಸುವ ಶಂಕುಕೋಶಗಳಿಗೆ ಧಾರಾಳ ಬೆಳಕು ಬೇಕು. ದಂಡಕೋಶಗಳು ಬಣ್ಣ ತಿಳಿಯವು, ಆದರೆ ಬೆಳಕಿನ ತುಣುಕು ಸಿಕ್ಕರೂ ಸಾಕು. ಹಗಲಿನ ಮೀನಿಗೆ ಶಂಕುಕೋಶಗಳ ಬಲ, ರಾತ್ರಿಯ ಮೀನಿಗೆ ದಂಡಕೋಶಗಳ ಬಲ. ಕೆಲವು ಮೀನುಗಳಲ್ಲಿ ಇನ್ನೂ ಒಂದು ಏರ್ಪಾಡಿದೆ. ಒಳಪರದೆಯ ಹಿಂದೆ ಕನ್ನಡಿಯಂಥ ಒಂದು ಪದರ. ಒಮ್ಮೆ ಕೋಶಗಳನ್ನು ದಾಟಿಹೋದ ಬೆಳಕು ಅಲ್ಲಿ ಬಡಿದು ಮರಳಿ ಬರುವಾಗ ಕೋಶಗಳಿಗೆ ಎರಡನೇ ಅವಕಾಶ ಸಿಗುತ್ತದೆ. ರಾತ್ರಿ ರಸ್ತೆಯಲ್ಲಿ ದನದ ಕಣ್ಣು ವಾಹನದ ದೀಪಕ್ಕೆ ಹೊಳೆಯುವುದು ಇದೇ ಪದರದಿಂದ.

ಈ ಪದರದ ಬಲದ ಮೇಲೆ ಬದುಕುವ ಪ್ರಸಿದ್ಧ ಮೀನು ನಮ್ಮದಲ್ಲ, ಉತ್ತರ ಅಮೆರಿಕದ್ದು. ವಾಲ್‌ಐ ಎಂಬ ಸಿಹಿನೀರಿನ ಮೀನು. ಅಮೆರಿಕದ ಮಿನ್ನೆಸೋಟ ಇದನ್ನು 1965ರಲ್ಲಿ ತನ್ನ ರಾಜ್ಯಮೀನೆಂದು ಸಾರಿತು. ಈರಿಯಂಥ ಮಹಾಸರೋವರಗಳಲ್ಲಿ ಚಳಿಗಾಲ ಹತ್ತಿರವಾದಾಗ ಜನ ರಾತ್ರಿಯಿಡೀ ದೋಣಿಯಲ್ಲಿ ಕೂತು, ಸಣ್ಣ ಮೀನಿನಾಕಾರದ ಕೃತಕ ಎರೆಯನ್ನು ಎಸೆದು ನಿಧಾನವಾಗಿ ಎಳೆಯುತ್ತಾರೆ. ವಾಲ್‌ಐಯ ಆಹಾರದಲ್ಲಿ ಮುಖ್ಯವಾದದ್ದು ಪರ್ಚ್ ಎಂಬ ಮೀನು. ಅದಕ್ಕೆ ಹಗಲಿನ ಕಣ್ಣು, ಮುಸ್ಸಂಜೆಗೆ ಮಸುಕಾಗತೊಡಗುತ್ತದೆ. ಬೇಟೆಯ ದೃಷ್ಟಿ ಸೋತು ಬೇಟೆಗಾರನ ದೃಷ್ಟಿ ಇನ್ನೂ ಚುರುಕಾಗಿರುವ ಆ ಸಂಧಿಕಾಲದಲ್ಲೇ ವಾಲ್‌ಐ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಲ್ಲಿನವರು ದೋಣಿ ಹತ್ತುವುದೂ ಅದೇ ಹೊತ್ತಿಗೆ.

ನಮ್ಮ ಕಡಲಲ್ಲೂ ಇಂಥ ಕಣ್ಣಿನ ಮೀನಿದೆ. ಮಲ್ಪೆಯ ದೊಡ್ಡ ಟ್ರಾಲ್ ಬೋಟುಗಳು ಆಳದಿಂದ ತರುವ, ಇಡೀ ಮೈ ಕೆಂಪಾದ, ಮುಖಕ್ಕಿಂತ ಕಣ್ಣೇ ದೊಡ್ಡದೆನಿಸುವ ಬುಲ್ಸ್‌ಐ ಮೀನನ್ನು ಹರಾಜಿನಲ್ಲಿ ನೋಡಿದವರು ಮರೆಯುವುದಿಲ್ಲ. ಅದರ ಕಣ್ಣಿಗೂ ಅದೇ ಕನ್ನಡಿ ಪದರ. ಇಷ್ಟು ಕೆಂಪಗಿರುವ ಮೀನು ಶತ್ರುಗಳಿಂದ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ಕೇಳಬಹುದು. ನೀರು ಬೆಳಕಿನ ಬಣ್ಣಗಳನ್ನು ಒಂದೇ ಸಮನಾಗಿ ನುಂಗುವುದಿಲ್ಲ. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ಕರಗಿಹೋಗುತ್ತದೆ. ನೀಲಿ, ಹಸಿರು ಆಳಕ್ಕೆ ಇಳಿಯುತ್ತವೆ. ಪ್ರತಿಫಲಿಸಲು ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ಕಪ್ಪಾಗಿ ಕಾಣುತ್ತದೆ. ಹರಾಜಿನ ಕಟ್ಟೆಯಲ್ಲಿ ದೂರದಿಂದಲೇ ಕಣ್ಣು ಸೆಳೆಯುವ ಈ ಮೀನು ತನ್ನ ಮನೆಯಲ್ಲಿ ಬಹುತೇಕ ಅದೃಶ್ಯ. ಗಾಳದವರು ಗಂಟು ಹಾಕಲು, ಸಿಕ್ಕಿದ ಮೀನು ಬಿಡಿಸಲು ತಲೆಗೆ ಕಟ್ಟುವ ಟಾರ್ಚಿನಲ್ಲಿ ಕೆಂಪು ಬೆಳಕು ಬಳಸುವುದೂ ಇದೇ ಗುಣವನ್ನು ನಂಬಿ. ಅದು ನೀರಿನಲ್ಲಿ ದೂರ ಹೋಗದು, ನಮ್ಮ ದಂಡಕೋಶಗಳನ್ನೂ ಕೆಡಿಸದು. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲಿನ ಬಿಳಿ ಪರದೆ ನೋಡಿದರೆ ಅಷ್ಟೂ ನಿಮಿಷ ಹಾಳು, ಮತ್ತೆ ಮೊದಲಿನಿಂದ ಕೂರಬೇಕು.

ಮೀನಿನ ಕಣ್ಣು ಒಗ್ಗುವ ರೀತಿಯೇ ಬೇರೆ. ನಮಗೆ ಬೆಳಕು ಹೆಚ್ಚಾದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ರೆಪ್ಪೆ ಮುಚ್ಚುತ್ತದೆ. ಬಹುತೇಕ ಮೀನುಗಳಿಗೆ ಕುಗ್ಗುವ ಪಾಪೆ ಇಲ್ಲ, ಮುಚ್ಚುವ ರೆಪ್ಪೆಯೂ ಇಲ್ಲ. ಅವುಗಳಲ್ಲಿ ಒಳಪರದೆಯ ಕೋಶಗಳೇ ಜಾಗ ಬದಲಿಸುತ್ತವೆ. ಬೆಳಕಿನಲ್ಲಿ ಶಂಕುಕೋಶಗಳು ಮುಂದೆ ಸರಿದು, ದಂಡಕೋಶಗಳು ಕಪ್ಪು ವರ್ಣಕದ ಹಿಂದೆ ಅಡಗುತ್ತವೆ. ಕತ್ತಲಾದಾಗ ಇದು ತಿರುವುಮುರುವು. ಈ ಸ್ಥಳಾಂತರ ಕ್ಷಣದಲ್ಲಿ ಆಗುವಂಥದ್ದಲ್ಲ. ಅರ್ಧ ಗಂಟೆ, ಕೆಲವು ಜಾತಿಗಳಲ್ಲಿ ಒಂದು ಗಂಟೆಯೂ ಹಿಡಿಯುತ್ತದೆ. ಕತ್ತಲೆಗೆ ಹದಗೊಂಡು ನಿಂತ ಮೀನಿನ ಮೇಲೆ ಏಕಾಏಕಿ ಟಾರ್ಚ್ ಬಿದ್ದರೆ ಅದಕ್ಕೆ ತಪ್ಪಿಸಿಕೊಳ್ಳುವ ಉಪಾಯ ಓಡುವುದೊಂದೇ. ಟಾರ್ಚ್ ಆರಿಸಿ ಸುಮ್ಮನೆ ಕೂರುವ ಆ ಅರ್ಧ ಗಂಟೆಯ ಹಿಂದಿರುವ ಶರೀರಶಾಸ್ತ್ರ ಇಷ್ಟು. ತಲೆಮಾರುಗಳಿಂದ ಇದನ್ನು ಪಾಲಿಸುತ್ತ ಬಂದ ಹಿರಿಯರಿಗೆ ಕೋಶಗಳ ಹೆಸರು ಬೇಕಾಗಿರಲಿಲ್ಲ.

ಈಗ ಎಸೆತದ ಮಾತು. ಜಾಗ ಮುಖ್ಯ. ಎರ್ಮಾಳಿನ ಮುಂದಿನ ಕಡಲತಳ ಬಹುಪಾಲು ಮರಳು ಮತ್ತು ಕೆಸರು, ಇಳಿಜಾರು ಬಹಳ ಸಾವಕಾಶ. ಇಂಥ ಬಯಲಿನಲ್ಲಿ ಮೀನಿಗೆ ನೆಲೆ ಎಂದರೆ ಕಲ್ಲು. ಕಾಪುವಿನ ಕಡೆ ನೀರಿನಿಂದ ತಲೆ ಎತ್ತಿದ ಬಂಡೆಗಳಿವೆ, ನೀರಿನೊಳಗೇ ಉಳಿದ ಪಾದೆಗಳೂ ಇವೆ. ಯಾವ ಪಾದೆ ಎಲ್ಲಿದೆ ಎನ್ನುವುದು ಮನೆತನದ ಆಸ್ತಿಯ ಹಾಗೆ ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ದಂಡೆಯ ಮೇಲಿನ ಎರಡು ಗುರುತುಗಳನ್ನು ಒಂದಕ್ಕೊಂದು ನೇರ ಹಿಡಿದು ಜಾಗ ನಿಶ್ಚಯಿಸುವ ಕ್ರಮ ಜಗತ್ತಿನ ಕಡಲ ಊರುಗಳಲ್ಲೆಲ್ಲ ಇದೆ. ರಾತ್ರಿಯಾದರೆ ಆ ಗುರುತುಗಳು ದೀಪಗಳು.

ದೋಣಿಯನ್ನು ಪಾದೆಯ ಮೇಲೆ ನಿಲ್ಲಿಸುವುದು ತಪ್ಪು. ನೀರಿನ ಸೆಳೆತ ಬರುವ ಕಡೆ, ಎಸೆದರೆ ಪಾದೆಯ ಅಂಚಿಗೆ ಬೀಳುವಷ್ಟು ದೂರದಲ್ಲಿ ನಿಲ್ಲಿಸಬೇಕು. ಭರತ, ಇಳಿತ ಎರಡರಲ್ಲೂ ನೀರು ಹರಿಯುವಾಗ ಸಣ್ಣ ಮೀನು ಸೆಳೆತಕ್ಕೆ ಸಿಕ್ಕಿ ಕಲ್ಲಿನ ಅಂಚಿಗೆ ಬರುತ್ತದೆ. ದೊಡ್ಡದು ಕಲ್ಲಿನ ಮರೆಯಲ್ಲಿ ಕಾಯುತ್ತದೆ. ನೀರು ನಿಂತ ಹೊತ್ತಿನಲ್ಲಿ ಎಸೆದು ಪ್ರಯೋಜನ ಕಡಿಮೆ. ಎರೆಗೆ ಸಿಗಡಿ, ಬೂತಾಯಿ ತುಂಡು, ಬೊಂಡಾಸ್ ತುಂಡು. ಈಗಿನ ಹುಡುಗರು ರಾಡ್, ರೀಲ್, ಪ್ಲಾಸ್ಟಿಕ್ ಮೀನು ತರುತ್ತಾರೆ. ಕೈದಾರವೇ ಗಾಳ, ಉಳಿದದ್ದು ಆಟ ಎಂದು ಹಿರಿಯರಲ್ಲಿ ಕೆಲವರು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕತ್ತಲಲ್ಲಿ ರಾಡ್ ಹಿಡಿದು ಎಸೆಯುವುದನ್ನು ಕಲಿತ ಹುಡುಗ ನೀರನ್ನು ಗಮನಿಸಲೂ ಕಲಿಯುತ್ತಾನೆ, ಅವನನ್ನು ಕಡಲಿನ ಹತ್ತಿರ ಉಳಿಸುವ ಯಾವುದೂ ಒಳ್ಳೆಯದೇ.

ಕೃತಕ ಎರೆಯನ್ನು ರಾತ್ರಿ ಎಷ್ಟು ನಿಧಾನ ಎಳೆದರೂ ನಿಧಾನವಲ್ಲ. ಮೀನಿನ ಮೈಯ ಎರಡೂ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇದೆ. ನೀರಿನ ಅತಿ ಸಣ್ಣ ಅಲುಗಾಟವನ್ನೂ ಅದು ಹಿಡಿಯುತ್ತದೆ. ಕತ್ತಲಲ್ಲಿ ಬೇಟೆಯ ದಿಕ್ಕನ್ನು ತಿಳಿಯಲು ಮೀನಿಗೆ ಕಣ್ಣಿನ ಜೊತೆಗೆ ಈ ಗೆರೆಯೂ ನೆರವಾಗುತ್ತದೆ. ಎರೆ ವೇಗವಾಗಿ ಹೋದರೆ ಅಲುಗಾಟ ಸಿಕ್ಕೀತು, ಕಣ್ಣಿಗೆ ಸಿಗದು. ದೋಣಿಯ ಹಲಗೆಗೆ ಪಾತ್ರೆ ತಾಗಿದ ಸದ್ದೂ ನೀರಿನಲ್ಲಿ ದೂರ ಓಡುತ್ತದೆ. ಶಬ್ದದ ವೇಗ ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಮಾತನ್ನು ತಗ್ಗಿಸಿ ಆಡುವುದಕ್ಕಿಂತ ಕಾಲನ್ನು ಮೆಲ್ಲಗೆ ಇಡುವುದು ಮುಖ್ಯ ಎಂದು ದೋಣಿಯವರು ಹೇಳುವುದು ಸರಿ.

ಚಂದ್ರನ ವಿಷಯದಲ್ಲಿ ವಾದ ಮುಗಿಯುವುದೇ ಇಲ್ಲ. ಬಲೆಯವರಿಗೆ ಬೆಳದಿಂಗಳು ಆಗದು, ಬಲೆಯ ಕಣ್ಣು ಮೀನಿನ ಕಣ್ಣಿಗೆ ಬೀಳುತ್ತದೆ. ಗಾಳದವರಲ್ಲಿ ಹುಣ್ಣಿಮೆಯೇ ಒಳ್ಳೆಯದು ಎನ್ನುವವರೂ ಇದ್ದಾರೆ, ಅಮಾವಾಸ್ಯೆ ಎನ್ನುವವರೂ. ಎರಡೂ ದಿನ ಭರತ ಇಳಿತಗಳು ಜೋರಾಗಿರುತ್ತವೆ, ಸೆಳೆತ ಚೆನ್ನಾಗಿರುತ್ತದೆ; ಯಶಸ್ಸಿನ ಪಾಲು ಚಂದ್ರನ ಬೆಳಕಿಗೆ ಎಷ್ಟು, ಅವನು ಎಳೆಯುವ ನೀರಿಗೆ ಎಷ್ಟು ಎಂದು ಬಿಡಿಸುವುದು ಕಷ್ಟ. ನನ್ನ ಒಲವು ಹುಣ್ಣಿಮೆ ಕಳೆದ ಎರಡು ಮೂರು ದಿನಗಳ ಕಡೆಗೆ. ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಆ ದಿನಗಳಲ್ಲಿ ಸಂಜೆಗೂ ಚಂದ್ರೋದಯಕ್ಕೂ ನಡುವೆ ಒಂದೆರಡು ಗಂಟೆಯ ಗಟ್ಟಿ ಕತ್ತಲು ಸಿಗುತ್ತದೆ, ಸೆಳೆತವೂ ಇನ್ನೂ ಇಳಿದಿರುವುದಿಲ್ಲ.

ಕತ್ತಲ ರಾತ್ರಿಗಳಲ್ಲಿ ಕೆಲವೊಮ್ಮೆ ನೀರೇ ಬೆಳಗುತ್ತದೆ. 2020ರ ನವೆಂಬರ್ ಕೊನೆಯ ಹೊತ್ತಿಗೆ ಉಡುಪಿ, ಮಂಗಳೂರಿನ ದಂಡೆಗಳಲ್ಲಿ ತೆರೆ ನೀಲಿಯಾಗಿ ಹೊಳೆದು, ಜನ ರಾತ್ರಿ ಕುಟುಂಬ ಸಮೇತ ನೋಡಲು ಬಂದದ್ದು ಹಲವರಿಗೆ ನೆನಪಿರಬಹುದು. ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಕೆಲಸ. ನೀರು ಕದಡಿದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ತಣ್ಣನೆಯ ಬೆಳಕು ಚಿಮ್ಮಿಸುತ್ತದೆ. ದೋಣಿಯವರಿಗೆ ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಬಂಗುಡೆಯ ಗುಂಪು ಹಾದುಹೋದರೆ ನೀರೊಳಗೆ ಮಸುಕಾದ ಬೆಳಕಿನ ಮೋಡ ಸರಿದಂತೆ ಕಾಣುತ್ತದೆ, ಗುಂಪು ಯಾವ ಕಡೆ ಹೊರಟಿದೆ ಎಂದು ಗೊತ್ತಾಗುತ್ತದೆ. ಆದರೆ ಎಳೆಯುವ ದಾರವೂ ಬೆಳಕಿನ ಗೆರೆಯಾಗುತ್ತದೆ, ಬಲೆಯೂ ಬೆಂಕಿ ಹತ್ತಿದಂತೆ ಕಾಣುತ್ತದೆ. ಈ ಜೀವಿ ಮೈಯಲ್ಲಿ ಅಮೋನಿಯ ತುಂಬಿಕೊಂಡಿರುತ್ತದೆ. ದಟ್ಟವಾಗಿ ಹಬ್ಬಿದ ಕಡೆ ಮೀನು ನಿಲ್ಲುವುದಿಲ್ಲ. ಅಂಥ ರಾತ್ರಿ ಮನೆಗೆ ಮರಳುವುದೇ ಲೇಸು.

ಕತ್ತಲೆಯ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲತಳದಲ್ಲಿ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಕರಾವಳಿಯ ಪ್ರತಿ ಮನೆಯೂ ಹೇಗೆ ಕಾದಿತು ಎನ್ನುವುದನ್ನು ಇಲ್ಲಿ ಬದುಕಿದವರಿಗೆ ವಿವರಿಸಬೇಕಾಗಿಲ್ಲ. ಅಷ್ಟು ದೊಡ್ಡ ಬೋಟಿಗೇ ಹಾಗಾಗಿದ್ದರೆ, ಹತ್ತಾರು ಅಡಿಯ ದೋಣಿಯಲ್ಲಿ ದೀಪ ಆರಿಸಿ ಕೂರುವವರ ಗತಿ ಏನು? ಅಂತಾರಾಷ್ಟ್ರೀಯ ನೌಕಾ ನಿಯಮ ಇದಕ್ಕೆ ಸರಳ ದಾರಿ ಹೇಳುತ್ತದೆ. ನಿಂತ ಸಣ್ಣ ದೋಣಿಯೂ ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿ ದೀಪವನ್ನು ಎತ್ತರದಲ್ಲಿ ಇಡಬೇಕು. ಹುಟ್ಟಿನಿಂದ ನಡೆಸುವ ದೋಣಿಯಾದರೆ ಡಿಕ್ಕಿ ತಪ್ಪಿಸಲು ಸಾಕಷ್ಟು ಮುಂಚೆ ತೋರಿಸಲು ಟಾರ್ಚ್ ಕೈಯಲ್ಲೇ ಸಿದ್ಧವಿರಬೇಕು. ಕೋಲಿನ ತುದಿಗೆ ಕಟ್ಟಿದ ದೀಪಕ್ಕೆ ಕೆಳಗಿನಿಂದ ಒಂದು ತಗಡಿನ ಮರೆ ಕೊಟ್ಟರೆ ಬೆಳಕು ಬೇರೆ ಬೋಟಿಗೆ ಕಾಣುತ್ತದೆ, ಪಕ್ಕದ ನೀರಿಗೆ ಬೀಳುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡಿರಬೇಕು. ಹಲಗೆಯ ಕೆಳಗಿಟ್ಟದ್ದು ತೆರೆಗೆ ದೋಣಿ ಮಗುಚಿದಾಗ ಕೈಗೆ ಸಿಗುವುದಿಲ್ಲ. ಹೊರಡುವ ಮೊದಲು ದಂಡೆಯಲ್ಲಿ ಒಬ್ಬರಿಗಾದರೂ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿರಬೇಕು. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554. ಎರಡನ್ನೂ ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆದಿಡಿ.

ಇನ್ನು ಜಗಳದ ವಿಷಯಕ್ಕೆ ಬರೋಣ. ಎರ್ಮಾಳಿನ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕೆಲವು ರಾತ್ರಿ ಕ್ಷಿತಿಜದ ಮೇಲೆ ಬೆಳ್ಳನೆಯ ಹೊಗರು ಕಾಣುತ್ತದೆ. ಬೆಳಕು ಮೀನುಗಾರಿಕೆಯ ಬೋಟುಗಳಿರುವ ಗುರುತು ಅದು. ಜನರೇಟರಿನಿಂದ ನಡೆಯುವ ಎಲ್‌ಇಡಿ ದೀಪಗಳನ್ನು ನೀರಿನ ಮೇಲೆ, ಕೆಲವರು ನೀರಿನೊಳಗೂ ಹೊತ್ತಿಸುತ್ತಾರೆ. ಮೊದಲು ಪ್ಲವಕ ಸೇರುತ್ತದೆ, ಅದನ್ನು ತಿನ್ನಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡದು. ಗಂಟೆಗಳ ಹೊತ್ತು ಆ ಬೆಳಕಿನಲ್ಲಿ ಸುತ್ತಿದ ಮೀನಿನ ಕಣ್ಣಿನಲ್ಲಿ ಕೋಶಗಳು ಸ್ಥಳ ಬದಲಿಸಿ, ಅದು ನಡುರಾತ್ರಿಯಲ್ಲಿ ಹಗಲಿನ ಕಣ್ಣಾಗುತ್ತದೆ. ಆ ಕಣ್ಣಿಗೆ ಬೆಳಕಿನ ವೃತ್ತದಾಚೆಯ ಕಡಲು ಏನೂ ಕಾಣದ ಕಪ್ಪು. ಅದು ಒಳಗೇ ಉಳಿಯುತ್ತದೆ. ಸುತ್ತಲೂ ಪರ್ಸೀನ್ ಬಲೆ ಬಿಟ್ಟು ತಳ ಬಿಗಿದರೆ ಮುಗಿಯಿತು. ಗಾಳದವರು ಯಾವ ಕಣ್ಣಿನ ಗುಣವನ್ನು ಗೌರವಿಸಿ ಅರ್ಧ ಗಂಟೆ ಸುಮ್ಮನೆ ಕೂರುತ್ತಾರೋ, ಅದೇ ಗುಣವನ್ನು ಇಲ್ಲಿ ಮೀನಿಗೆ ಬೇಲಿಯಾಗಿಸಲಾಗಿದೆ.

ಗಾಳಕ್ಕೆ ಒಂದು ಸಲಕ್ಕೆ ಒಂದು ಮೀನು, ಅದೂ ಎರೆಯನ್ನು ಬಾಯಿಗೆ ತುಂಬಿಕೊಳ್ಳುವಷ್ಟು ದೊಡ್ಡದು. ಬೇಡವಾದದ್ದನ್ನು ಜೀವಂತ ಬಿಡಬಹುದು. ಸೀಬಾಸ್‌ನಂಥ ಮೀನಿನಲ್ಲಿ ಇದಕ್ಕೆ ವಿಶೇಷ ಅರ್ಥವಿದೆ: ಅವು ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತವೆ, ತುಂಬ ದೊಡ್ಡದು ಸಿಕ್ಕಿದರೆ ಬಹುತೇಕ ಅದು ಮೊಟ್ಟೆಯಿಡುವ ತಾಯಿ. ಫೋಟೋ ತೆಗೆದುಕೊಂಡು ನೀರಿಗೆ ಬಿಡುವ ಹುಡುಗರನ್ನು ನೋಡಿದ್ದೇನೆ, ಅವರ ಮೇಲೆ ನನಗೆ ತುಂಬ ಗೌರವ. ಬೆಳಕಿನ ಬಲೆಯಲ್ಲಿ ಈ ಆಯ್ಕೆಗೆ ಜಾಗವೇ ಇಲ್ಲ. ಬೆಳಕು ಮರಿ, ತಾಯಿ ಎಂದು ನೋಡದೆ ಎಲ್ಲವನ್ನೂ ಸೆಳೆಯುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ಎಂದು ಹೇಳಿದೆ. ಆ ಅಳತೆ ಬಲೆ ಎಳೆದ ಮೇಲೆ ನೋಡಿ ಪ್ರಯೋಜನವಿಲ್ಲ, ಆಗ ಮರಿಗಳು ಸತ್ತಿರುತ್ತವೆ.

ಕೇಂದ್ರ ಕೃಷಿ ಸಚಿವಾಲಯ 2017ರ ನವೆಂಬರ್ 10ರ ಆದೇಶದಲ್ಲಿ ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ ಎಲ್‌ಇಡಿ ಮುಂತಾದ ಕೃತಕ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ದಂಡೆಯಿಂದ 12 ನಾಟಿಕಲ್ ಮೈಲಿಯವರೆಗಿನ ಕಡಲು ರಾಜ್ಯದ್ದು, ಅಲ್ಲಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಡೆಯುತ್ತದೆ. ಇಲ್ಲೂ ಬೆಳಕು ಮೀನುಗಾರಿಕೆಗೆ ನಿಷೇಧವಿದೆ. ಕಾಗದದ ಮೇಲೆ ದಂಡೆಯಿಂದ ಆಳಸಮುದ್ರದವರೆಗೆ ಎಲ್ಲಿಯೂ ಅವಕಾಶವಿಲ್ಲ. ಆದರೂ ನಾಡದೋಣಿ, ಕೈರಂಪಣಿಯವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿದೆ.

ಇವರಿಗೆ ಇದು ಮೊದಲ ಪೆಟ್ಟಲ್ಲ. ದಂಡೆಯಲ್ಲಿ ಹತ್ತಾರು ಜನ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ದಂಡೆಗೆ ಬರುವ ಮೊದಲೇ ಬಂಗುಡೆಯ ಗುಂಪನ್ನು ಹೊರಗೇ ಸುತ್ತಿದರೆ ದಂಡೆಯಲ್ಲಿ ಎಳೆಯಲು ಏನು ಉಳಿದೀತು? ಉಳಿದದ್ದು ಅದರ ಕಿರಿಯ ರೂಪವಾದ ಕೈರಂಪಣಿ. ಎರ್ಮಾಳ್, ಉಚ್ಚಿಲ, ಪಡುಬಿದ್ರಿಯ ದಂಡೆಗಳಲ್ಲಿ ಅದು ಈಗಲೂ ಉಸಿರಾಡುತ್ತಿದೆ.

ಪರ್ಸೀನ್ ಮಾಲೀಕರ ಮಾತನ್ನೂ ಕೇಳಬೇಕು. ಬೋಟಿಗೆ ಸಾಲ ಇದೆ, ಡೀಸೆಲ್ ದರ ಏರಿದೆ, ಮೀನು ಸಿಗುವ ದಿನ ಕಡಿಮೆಯಾಗಿವೆ, ನಾವು ಬಿಟ್ಟರೆ ಪಕ್ಕದ ರಾಜ್ಯದವರು ಬಂದು ಹಿಡಿಯುತ್ತಾರೆ ಎನ್ನುವುದು ಅವರ ವಾದ. ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ, ಅದಕ್ಕೇ ಕೇಂದ್ರದ ಆದೇಶ ಎಲ್ಲ ರಾಜ್ಯಗಳಿಗೂ ಒಂದೇ ಸಮನಾಗಿ ಜಾರಿಯಾಗಬೇಕು. ಮೀನು ಕಡಿಮೆಯಾಗಲು ಬೆಳಕೊಂದೇ ಕಾರಣ ಎಂದು ನಾನೂ ಹೇಳುವುದಿಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿಯಿತು. ನೀರಿನ ಬಿಸಿ, ಎಲ್ ನಿನೋ, ಮರಿಗಳ ಹಿಡಿತ ಎಲ್ಲವೂ ಆ ಲೆಕ್ಕದಲ್ಲಿವೆ. ಇಷ್ಟು ಅಲುಗಾಡುವ ಸಂತತಿಯ ಮೇಲೆ, ಅದಕ್ಕೆ ತಪ್ಪಿಸಿಕೊಳ್ಳಲು ಇರುವ ರಾತ್ರಿಯನ್ನೂ ಕಸಿಯುವುದನ್ನು ಸಾಲದ ಕಾರಣಕ್ಕೆ ಒಪ್ಪಲು ಸಾಧ್ಯವಿಲ್ಲ. ಸಾಲಕ್ಕೆ ಬ್ಯಾಂಕಿನಲ್ಲಿ, ಸರ್ಕಾರದಲ್ಲಿ ದಾರಿ ಹುಡುಕಬೇಕು.

ಹಿಡಿಯುವುದು ಕಷ್ಟ, ಕಡಲು ವಿಶಾಲ, ಗಸ್ತಿನ ಬೋಟು ಸಾಲದು ಎಂದು ಇಲಾಖೆಗಳು ಹೇಳುತ್ತವೆ. ಆದರೆ ಬೇರೆ ಯಾವ ಅಕ್ರಮ ಮೀನುಗಾರಿಕೆಗೂ ಇಲ್ಲದ ದೌರ್ಬಲ್ಯ ಇದಕ್ಕಿದೆ, ಇದು ಆಕಾಶದಿಂದ ಕಾಣುತ್ತದೆ. 2011ರಲ್ಲಿ ಹಾರಿದ ಅಮೆರಿಕದ ಸುವೋಮಿ ಉಪಗ್ರಹದ ಉಪಕರಣವೊಂದು ಪ್ರತಿ ರಾತ್ರಿ ಕಡಲ ಮೇಲಿನ ಬೋಟು ದೀಪಗಳನ್ನು ಗುರುತಿಸುತ್ತದೆ. ಇಂಡೋನೇಷ್ಯ, ಫಿಲಿಪ್ಪೀನ್ಸ್ ದೇಶಗಳ ಮೀನುಗಾರಿಕೆ ಇಲಾಖೆಗಳು ಆ ಮಾಹಿತಿಯನ್ನು ಕಾವಲಿಗೆ ಬಳಸಿವೆ. ನಮ್ಮಲ್ಲಿ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ ಮತ್ತು ಹಸಿರನ್ನು ನೋಡಿ, ಮೀನು ಸಿಗಬಹುದಾದ ಜಾಗಗಳ ನಕ್ಷೆಯನ್ನು ಮೀನುಗಾರರಿಗೆ ಕಳುಹಿಸುತ್ತಲೇ ಇದೆ. ಮೀನು ಎಲ್ಲಿದೆ ಎಂದು ಹೇಳಬಲ್ಲ ವ್ಯವಸ್ಥೆ, ದೀಪ ಎಲ್ಲಿ ಉರಿಯಿತು ಎಂದೂ ಹೇಳಬಲ್ಲದು. ಕಳೆದ ರಾತ್ರಿ ಯಾವ ಅಕ್ಷಾಂಶ ರೇಖಾಂಶದಲ್ಲಿ ಎಷ್ಟು ದೀಪಗಳಿದ್ದವು ಎಂಬ ಪಟ್ಟಿ ಬೆಳಗ್ಗೆ ಮಲ್ಪೆಯ ಮೀನುಗಾರಿಕೆ ಕಚೇರಿಗೂ ಕೋಸ್ಟ್ ಗಾರ್ಡ್‌ಗೂ ಸಿಕ್ಕರೆ, ಬಂದರಿಗೆ ಮರಳುವ ಬೋಟಿನ ಜಿಪಿಎಸ್ ಜೊತೆ ಅದನ್ನು ಹೋಲಿಸಿ ನೋಡುವುದು ಕಚೇರಿಯಲ್ಲಿ ಕೂತು ಮಾಡುವ ಕೆಲಸ. ಆ ಪಟ್ಟಿಯನ್ನು ಪ್ರಕಟಿಸಿದರೆ ಫಂಡು ಎಂದು ಕರೆಯುವ ಕೈರಂಪಣಿ ಗುಂಪುಗಳೂ, ನಾಡದೋಣಿಯವರೂ, ನಿಯಮ ಪಾಲಿಸುವ ಪರ್ಸೀನ್‌ನವರೂ ಅದನ್ನು ಓದಬಹುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ನಾಡದೋಣಿಗಳು ಮಾತ್ರ ಕಡಲಲ್ಲಿರುತ್ತವೆ. ಬೋಟುಗಳ ದಾಖಲೆ, ಜಿಪಿಎಸ್, ದೀಪ, ಜನರೇಟರ್ ಎಲ್ಲವನ್ನೂ ಬಂದರಿನಲ್ಲೇ ಪರಿಶೀಲಿಸಲು 61 ದಿನಗಳು ಕೈಯಲ್ಲಿವೆ. ಎರ್ಮಾಳ್, ಉಚ್ಚಿಲ, ಕಾಪುವಿನ ಫಂಡುಗಳು ದೀಪಗಳ ಈ ಪಟ್ಟಿಗಾಗಿ ಜಿಲ್ಲಾಧಿಕಾರಿಗೆ, ಮೀನುಗಾರಿಕೆ ಇಲಾಖೆಗೆ ಒಟ್ಟಾಗಿ ಅರ್ಜಿ ಕೊಡುವುದಾದರೆ ಆ ರಜೆಯೊಳಗೇ ಕೊಡಬೇಕು. ಆಗಸ್ಟ್ 1ಕ್ಕೆ ಬೋಟುಗಳು ಹೊರಟ ಮೇಲೆ ಮೊದಲ ಅಮಾವಾಸ್ಯೆಗೆ ಹೆಚ್ಚು ದಿನ ಇರುವುದಿಲ್ಲ.